ಹದಿಮೂರು ವರ್ಷ ಅಲುಗದ ಅಂಕಿ

ನಾನು ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಸರ್ಕಾರಿ ದಾಖಲೆ ಓದುವುದು ಹೇಗೆ ಅಂತ ಹೇಳಿಕೊಡಲು ಹೋದ ವರ್ಷ ಪ್ಯಾಲೆಸ್ತೀನ್‌ನ ಒಂದು ವರದಿ ಹಿಡಿದುಕೊಂಡೆ.

ಆಗ ಪ್ಯಾಲೆಸ್ತೀನ್ ಬ್ರಿಟಿಷರ ಆಡಳಿತದಲ್ಲಿತ್ತು. ಅಲ್ಲಿಗೆ ಯಹೂದಿಗಳ ವಲಸೆಯ ಪ್ರಶ್ನೆ ನೋಡಲು 1945ರ ನವೆಂಬರಿನಲ್ಲಿ ಬ್ರಿಟನ್, ಅಮೆರಿಕ ಸೇರಿ ಒಂದು ವಿಚಾರಣಾ ಸಮಿತಿ ಮಾಡಿದವು. ಒಂದೊಂದು ಕಡೆಯಿಂದ ಆರಾರು ಮಂದಿ. ಸಮಿತಿ ಬರುತ್ತದೆ ಎಂದ ಕೂಡಲೇ ಜೆರುಸಲೇಮಿನ ಬ್ರಿಟಿಷ್ ಅಧಿಕಾರಿಗಳು ಬರೆಯಲು ಕೂತರು. ಡಿಸೆಂಬರ್, ಜನವರಿ, ಎರಡೇ ತಿಂಗಳು. ಜಮೀನು, ತೆರಿಗೆ, ವಲಸೆ, ಶಾಲೆ ಎಲ್ಲ ಸೇರಿ ಸಾವಿರಕ್ಕೂ ಜಾಸ್ತಿ ಪುಟ. ಅದೇ 'ಎ ಸರ್ವೆ ಆಫ್ ಪ್ಯಾಲೆಸ್ತೀನ್'.

ಅಷ್ಟನ್ನೂ ಓದಿಸಲು ಆಗಲ್ಲ, ಅಲ್ವಾ? ಜನಸಂಖ್ಯೆಯ ಪಟ್ಟಿ ಮಾತ್ರ ತೆಗೆದುಕೊಂಡೆ. ಬಂದವರು ಮೊದಲು ಕೇಳುವುದೇ 'ಎಷ್ಟು ಜನ ಇದ್ದೀರಿ' ಅಂತ. ಆದರೆ 1931ರ ನಂತರ ಅಲ್ಲಿ ಜನಗಣತಿಯೇ ಆಗಿರಲಿಲ್ಲ. ಹಳೆಯ ಅಂಕಿಗೆ ಹುಟ್ಟಿದವರನ್ನು ಕೂಡಿಸಿ, ಸತ್ತವರನ್ನು ಕಳೆದು, ವಲಸೆಯ ಲೆಕ್ಕ ಸೇರಿಸುತ್ತಾ ಬಂದಿದ್ದರು.

ಬೋರ್ಡಿನ ಮೇಲೆ ಎರಡು ಅಂಕಿ ಬರೆದೆ. 1944ರ ಕೊನೆಗೆ ಮುಸ್ಲಿಮರು ಒಟ್ಟು 10,61,277. ಅವರಲ್ಲಿ ಒಂದು ಕಡೆ ನೆಲೆ ನಿಂತವರು 9,94,724. ಕಳೆಯಿರಿ ಅಂದೆ. 66,553 ಬಂತು. ಇವರು ಅಲೆಮಾರಿ ಬೆದೂಯಿನ್‌ಗಳು. ಈಗ 1931ರ ಗಣತಿಯಲ್ಲಿ ಅಲೆಮಾರಿಗಳು ಎಷ್ಟಿದ್ದಾರೆ ನೋಡಿ ಅಂದೆ. ಮುಂದಿನ ಬೆಂಚಿನ ಹುಡುಗಿ ತಲೆಯೆತ್ತಿ, "ಸರ್, ಇದೂ 66,553!" ಅಂದಳು. ಉಳಿದವರು ನಂಬದೆ ಮತ್ತೊಮ್ಮೆ ಕಳೆದು ನೋಡಿದರು. ಊರಿನವರ ಲೆಕ್ಕ ವರ್ಷವರ್ಷ ಏರಿದೆ. ಡೇರೆಯವರ ಲೆಕ್ಕ ಹದಿಮೂರು ವರ್ಷ ಒಂದಂಕಿಯೂ ಅಲುಗಿಲ್ಲ.

ಅಧಿಕಾರಿಗಳು ಸುಳ್ಳು ಬರೆದರು ಅಂತ ನಾನು ಹೇಳಲ್ಲ. ದಕ್ಷಿಣದ ಬೀರ್ಷೆಬಾದ ಬಯಲಲ್ಲಿ ಆಡು, ಒಂಟೆ ಹೊಡೆದುಕೊಂಡು ತಿರುಗುವವರನ್ನು ಎಣಿಸುವುದು ಸುಲಭದ ಕೆಲಸವಲ್ಲ. ಆದರೆ ನಾಡನ್ನು ಅರಬ್ಬರಿಗೂ ಯಹೂದಿಗಳಿಗೂ ಪಾಲು ಮಾಡುವ ಮಾತು ನಡೆದಿದ್ದು ಇಂಥ ಲೆಕ್ಕಗಳನ್ನು ಮುಂದಿಟ್ಟುಕೊಂಡೇ. 1947ರಲ್ಲಿ ವಿಶ್ವಸಂಸ್ಥೆಯ ಸಮಿತಿ ಬಂತು. ನಮ್ಮ ದೇಶದ ಅಬ್ದುರ್ ರೆಹಮಾನ್ ಕೂಡ ಅದರಲ್ಲಿದ್ದರು. ಅಧಿಕಾರಿಗಳು ಹಳೆಯ ವರದಿಗೆ ಮತ್ತೆ ಒಂದು ಪುರವಣಿ ಸಿದ್ಧಮಾಡಿದರು. ಯಹೂದಿ ರಾಜ್ಯಕ್ಕೆ ಅಂತ ಗುರುತು ಮಾಡಿದ ಭಾಗದಲ್ಲೇ ಸುಮಾರು 90,000 ಬೆದೂಯಿನ್‌ಗಳಿದ್ದಾರೆ ಎಂದು ಈ ಸಮಿತಿ ಬರೆಯಿತು.

ಈಗ ಯಾವ ವರದಿ ಕೈಗೆ ಬಂದರೂ ನಾನು ಮೊದಲು ಹುಡುಕುವುದು ಅಲುಗದ ಅಂಕಿಯನ್ನೇ.

ಕ್ಲಾಸು ಮುಗಿದ ಮೇಲೆ ಒಬ್ಬ ಹುಡುಗ ಸ್ಟಾಫ್ ರೂಮಿಗೆ ಬಂದ. "ಸರ್, ನಮ್ಮ ತಾತ ಕುರಿ ಹೊಡ್ಕೊಂಡು ಆರು ತಿಂಗಳು ಊರ ಹೊರಗೇ ಇರ್ತಿದ್ರು. ಅವರನ್ನ ಯಾರು ಬರೆದುಕೊಂಡಿರ್ತಾರೆ?" ಅಂದ. ಈ ವರ್ಷ ಅವನ ಪ್ರಾಜೆಕ್ಟ್ ಅದೇ.