ಊಹೆ ಬಿಟ್ಟು ಕೇಳಲು ಶುರು ಮಾಡಿದ ಮೇಲೆ

ಟೀಮ್ ನಡೆಸುವವರಿಗೆ ಎಲ್ಲರೂ ಕೊಡುವ ಸಲಹೆ ಒಂದಿದೆ: "ಅವರ ಜಾಗದಲ್ಲಿ ನಿಂತು ಯೋಚನೆ ಮಾಡಿ." ಮ್ಯಾನೇಜರ್ ಆದ ಹೊಸದರಲ್ಲಿ ನಾನೂ ಅದನ್ನೇ ನಂಬಿದ್ದೆ. ಈಗ ಅದರ ಮೇಲೆ ಅಷ್ಟು ಭರವಸೆ ಇಲ್ಲ. ಅವರ ಜಾಗದಲ್ಲಿ ನಿಂತರೂ ಯೋಚಿಸುವ ತಲೆ ನನ್ನದೇ ಅಲ್ವಾ? ನನ್ನ ಆತುರ, ನನ್ನ ಲೆಕ್ಕಾಚಾರ, ಹಳೆಯ ಸಿಟ್ಟು ಎಲ್ಲ ಜೊತೆಗೇ ಬಂದು ನಿಲ್ಲುತ್ತವೆ.

ಇದನ್ನು ಪರೀಕ್ಷೆ ಮಾಡಿ ನೋಡಿದವರಿದ್ದಾರೆ. ತಾಲ್ ಎಯಾಲ್, ಮೇರಿ ಸ್ಟೆಫೆಲ್, ನಿಕೋಲಸ್ ಎಪ್ಲಿ ಎಂಬ ಸಂಶೋಧಕರು 25 ಪ್ರಯೋಗಗಳ ಫಲಿತಾಂಶವನ್ನು 2018ರಲ್ಲಿ ಪ್ರಕಟಿಸಿದರು. ಇನ್ನೊಬ್ಬರ ಜಾಗದಲ್ಲಿ ತಮ್ಮನ್ನು ಕಲ್ಪಿಸಿಕೊಂಡವರು ಆ ವ್ಯಕ್ತಿಯ ಮನಸ್ಸನ್ನು ಬೇರೆಯವರಿಗಿಂತ ಚೆನ್ನಾಗಿ ಅಂದಾಜು ಮಾಡಲಿಲ್ಲ. ನೇರವಾಗಿ ಮಾತಾಡಿ ಕೇಳಿಕೊಂಡವರ ಅಂದಾಜು ಮಾತ್ರ ಸುಧಾರಿಸಿತು. ನನ್ನ ಕೆಲಸದ ರೀತಿ ಬದಲಾಗಿದ್ದು ಈ ದಿಕ್ಕಿನಲ್ಲೇ.

ಒಂದು ಉದಾಹರಣೆ. ಟೀಮಿನ ಒಬ್ಬರ ರಿಪೋರ್ಟ್ ಪ್ರತಿ ಸಲ ತಡವಾಗಿ ಬರುತ್ತಿತ್ತು. "ಅವರಿಗೆ ಶಿಸ್ತಿಲ್ಲ" ಎಂದು ಉಳಿದವರು ತೀರ್ಮಾನ ಮಾಡಿಬಿಟ್ಟಿದ್ದರು. ಹೀಗೆ ಆಗುವುದು ಸಹಜ. ಬೇರೆಯವರು ತಡ ಮಾಡಿದರೆ ಅದು ಅವರ ಗುಣ. ನಾವು ತಡ ಮಾಡಿದರೆ ಪರಿಸ್ಥಿತಿ ಹಾಗಿತ್ತು! ಮನಶ್ಶಾಸ್ತ್ರಜ್ಞ ಲೀ ರಾಸ್ 1977ರಲ್ಲೇ ಈ ಒಲವಿನ ಬಗ್ಗೆ ಬರೆದಿದ್ದರು. ನಾನು ರಿಪೋರ್ಟ್ ತಡ ಮಾಡುತ್ತಿದ್ದವರ ಪಕ್ಕ ಕೂತು, "ಈ ರಿಪೋರ್ಟ್ ಮಾಡುವುದು ಹೇಗೆ ಅಂತ ಮೊದಲಿನಿಂದ ತೋರಿಸ್ತೀರಾ?" ಎಂದು ಕೇಳಿದೆ. ತೋರಿಸಿದರು. ಅವರಿಗೆ ಬೇಕಾದ ಅಂಕಿಅಂಶ ಇನ್ನೊಂದು ವಿಭಾಗದಿಂದ ಬರುತ್ತಿದ್ದುದೇ ಸಂಜೆ ಹೊತ್ತಿಗೆ. ಅದೂ ಅರ್ಧಂಬರ್ಧ. ಅದನ್ನು ಸರಿಪಡಿಸಬೇಕಾದ್ದು ಆ ವಿಭಾಗದ ಮುಖ್ಯಸ್ಥರೊಂದಿಗೆ ಮಾತಾಡಬಲ್ಲ ನಾನೇ ಹೊರತು ಅವರಲ್ಲ.

ಗಮನಿಸಿ, ನಾನು "ಯಾಕೆ ತಡ?" ಎಂದು ಕೇಳಲಿಲ್ಲ. ಮೇಲಿನವರ ಬಾಯಲ್ಲಿ "ಯಾಕೆ" ಬಂದರೆ ಕೇಳುವವರಿಗೆ ಅದು ವಿಚಾರಣೆ. ಸಮಜಾಯಿಷಿ ಸಿಗುತ್ತದೆ, ವಿಷಯ ಸಿಗುವುದಿಲ್ಲ. "ತೋರಿಸಿ", "ಎಲ್ಲಿ ಸಿಕ್ಕಿಹಾಕಿಕೊಳ್ತೀರಿ?", "ನಾನು ಮಾಡುವ ಯಾವ ಕೆಲಸ ನಿಮಗೆ ಅಡ್ಡ ಬರ್ತಿದೆ?" ಇಂಥ ಮಾತು ಕೆಲಸ ಮಾಡುತ್ತವೆ. ಕೊನೆಯ ಪ್ರಶ್ನೆಗೆ ಮೊದಮೊದಲು ಎಲ್ಲರೂ "ಏನಿಲ್ಲ ಸರ್" ಎನ್ನುತ್ತಾರೆ. ಬಿಡದೆ ಆಗಾಗ ಕೇಳುತ್ತಿರಬೇಕು. ಬಂದ ಉತ್ತರಕ್ಕೆ ಮುಖ ಗಂಟು ಹಾಕಿಕೊಳ್ಳಬಾರದು. ಈ ಎರಡನೆಯದು ನನಗೆ ಇನ್ನೂ ಕಷ್ಟವೇ.

ನಾವು ಹೇಳಿದ್ದು ಎದುರಿನವರಿಗೆ ಹೇಗೆ ಕೇಳಿಸುತ್ತದೆ ಎನ್ನುವುದೂ ಇದೇ ಸಮಸ್ಯೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ 1990ರಲ್ಲಿ ಒಂದು ಪ್ರಯೋಗ ಮಾಡಿದರು. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡುಗಳ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಕೇಳುವವರು ಹಾಡು ಯಾವುದೆಂದು ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಎಂದು ತಟ್ಟಿದವರು ಅಂದುಕೊಂಡಿದ್ದರು. 120 ಹಾಡುಗಳಲ್ಲಿ ಗುರುತು ಸಿಕ್ಕಿದ್ದು 3 ಮಾತ್ರ. ತಟ್ಟುವವರ ತಲೆಯಲ್ಲಿ ಹಾಡು ಪೂರ್ತಿ ಓಡುತ್ತಿರುತ್ತದೆ. ಕೇಳುವವರಿಗೆ ಬರೀ ಟಕ್ ಟಕ್. ಹಾಗಾಗಿ ಮೀಟಿಂಗ್ ಕೊನೆಯಲ್ಲಿ "ಅರ್ಥ ಆಯ್ತಾ?" ಎಂದು ಕೇಳುವುದನ್ನು ನಿಲ್ಲಿಸಿದ್ದೇನೆ. ಆ ಪ್ರಶ್ನೆಗೆ ಎಲ್ಲರೂ ಸುಮ್ನೆ ತಲೆಯಾಡಿಸುತ್ತಾರೆ. ಅದರ ಬದಲು, "ನಾಳೆ ಬೆಳಿಗ್ಗೆ ನೀವು ಮೊದಲು ಏನು ಮಾಡ್ತೀರಿ?" ಎಂದು ಒಬ್ಬಿಬ್ಬರನ್ನು ಕೇಳುತ್ತೇನೆ. ಹಾಡು ತಲುಪಿದೆಯೋ ಇಲ್ಲವೋ ತಕ್ಷಣ ಗೊತ್ತಾಗುತ್ತದೆ.

ಇನ್ನು ನಮ್ಮನ್ನು ನಾವೇ ಹೊರಗಿನಿಂದ ನೋಡಿಕೊಳ್ಳುವುದು. ಇದಕ್ಕೆ ಕೇಳಲು ಬೇರೆ ಯಾರೂ ಇರುವುದಿಲ್ಲ, ಒಂದು ಉಪಾಯ ಬೇಕು. 1985ರಲ್ಲಿ ಇಂಟೆಲ್ ಕಂಪನಿಯ ಮೆಮೊರಿ ಚಿಪ್ ವ್ಯಾಪಾರ ನೆಲಕಚ್ಚುತ್ತಿದ್ದಾಗ ಅದರ ಅಧ್ಯಕ್ಷ ಆಂಡಿ ಗ್ರೋವ್ ಕಂಪನಿ ನಡೆಸುತ್ತಿದ್ದ ತಮ್ಮ ಜೊತೆಗಾರ ಗೋರ್ಡನ್ ಮೂರ್ ಅವರನ್ನು ಕೇಳಿದ್ದು ಇಷ್ಟೇ: ನಮ್ಮನ್ನು ತೆಗೆದುಹಾಕಿ ಹೊಸ ಮುಖ್ಯಸ್ಥರನ್ನು ತಂದರೆ ಅವರು ಏನು ಮಾಡುತ್ತಾರೆ? ಮೆಮೊರಿಯಿಂದ ಹೊರಬರುತ್ತಾರೆ ಎಂದರು ಮೂರ್. ಹಾಗಾದರೆ ಅದನ್ನು ನಾವೇ ಯಾಕೆ ಮಾಡಬಾರದು ಎಂದರು ಗ್ರೋವ್. ನಾನು ವಾರಕ್ಕೊಮ್ಮೆ ನಡೆಸುತ್ತಿದ್ದ ಒಂದು ಮೀಟಿಂಗ್ ಈ ಪ್ರಶ್ನೆಗೆ ಬಲಿಯಾಯಿತು. ನನ್ನ ಜಾಗಕ್ಕೆ ಹೊಸಬರು ಬಂದಿದ್ದರೆ ಅದನ್ನು ಮೊದಲ ದಿನವೇ ನಿಲ್ಲಿಸುತ್ತಿದ್ದರು. ಶುರು ಮಾಡಿದ್ದು ನಾನು ಎಂಬ ಕಾರಣಕ್ಕೆ ಅದು ಉಳಿದಿತ್ತು ಅಷ್ಟೇ.

ಸಿಟ್ಟು ಬಂದಾಗ ನನ್ನ ಹೆಸರು ಹಿಡಿದು ನನ್ನನ್ನೇ ಮನಸ್ಸಿನಲ್ಲಿ ಮಾತಾಡಿಸುತ್ತೇನೆ: "ಇವನು ಈಗ ಈ ಮೇಲ್ ಕಳಿಸಬೇಕಾ?" ತಮಾಷೆ ಅನ್ನಿಸಬಹುದು. ಆದರೆ "ನಾನು" ಎನ್ನುವ ಬದಲು ಹೆಸರಿನಿಂದ ತಮ್ಮನ್ನು ಮಾತಾಡಿಸಿಕೊಂಡವರು ಒತ್ತಡವನ್ನು ಚೆನ್ನಾಗಿ ನಿಭಾಯಿಸಿದ್ದನ್ನು ಈಥನ್ ಕ್ರಾಸ್ ಮತ್ತು ಸಂಗಡಿಗರ 2014ರ ಅಧ್ಯಯನ ತೋರಿಸಿದೆ.

ಇಷ್ಟೆಲ್ಲ ಕೇಳಿದ ಮೇಲೂ ನಿರ್ಧಾರ ನನ್ನದೇ. ಅರ್ಥ ಮಾಡಿಕೊಂಡೆ ಎಂದರೆ ಒಪ್ಪಿಕೊಂಡೆ ಎಂದಲ್ಲ. ಒಬ್ಬರು ಕೆಲಸದ ಸಮಯ ಬದಲಿಸಲು ಕೇಳಿದರು. ಅವರ ತೊಂದರೆ ನಿಜವಾಗಿತ್ತು, ಆದರೆ ಆ ಹೊತ್ತಿಗೆ ನಿಲ್ಲಲು ಬೇರೆ ಯಾರೂ ಇರಲಿಲ್ಲ. ಆಗುವುದಿಲ್ಲ ಎಂದೆ. ಕಾರಣವನ್ನೂ ಅವತ್ತೇ ಹೇಳಿದೆ. ಬೇಜಾರು ಮಾಡಿಕೊಂಡರು. ಆದರೆ ಮುಂದಿನ ಸಲ ಇನ್ನೊಂದು ಸಮಸ್ಯೆ ಬಂದಾಗ ಮೊದಲು ನನ್ನ ಹತ್ತಿರವೇ ಬಂದರು.