ಹೆಸರಿನಿಂದ ಬಿಟ್ಟುಹೋದ ಊರಿಗೊಂದು ಕೀಚೈನ್

ಹಳೆ ಮೈಸೂರು ಭಾಗದ ಹೆಸರುಗಳಲ್ಲಿ ಎರಡು ಇನಿಷಿಯಲ್ ಇದ್ದರೆ ಸಾಮಾನ್ಯವಾಗಿ ಮೊದಲನೆಯದು ಊರಿನದು, ಎರಡನೆಯದು ತಂದೆಯದು. ಅಮೆರಿಕ 1965ರಲ್ಲಿ ತನ್ನ ವಲಸೆ ಕಾಯ್ದೆಯನ್ನು ಬದಲಿಸಿ ದೇಶವಾರು ಕೋಟಾ ಪದ್ಧತಿಯನ್ನು ಕೈಬಿಟ್ಟ ಮೇಲೆ ಇಲ್ಲಿಂದ ಹೋಗಿ ನೆಲೆಸಿದ ವೈದ್ಯರು, ಎಂಜಿನಿಯರುಗಳ ಮನೆಗಳಲ್ಲಿ ಈಗ ಮೂರನೆಯ ತಲೆಮಾರು ಬೆಳೆದಿದೆ. ಅಲ್ಲಿನ ಅರ್ಜಿಗಳಲ್ಲಿ ಕೊನೆಯ ಹೆಸರಿನ ಜಾಗಕ್ಕೆ ತಂದೆಯ ಹೆಸರನ್ನು ತುಂಬಿದವರ ಮನೆಗಳಲ್ಲಿ ಊರಿನ ಅಕ್ಷರ ಸದ್ದಿಲ್ಲದೆ ಬಿಟ್ಟುಹೋಗಿದೆ. ಆ ಊರನ್ನು ಮೊಮ್ಮಕ್ಕಳ ಕೈಗೆ ದಿನವೂ ಸಿಗುವಂತೆ ಮಾಡಲು ಬೀಗದ ಕೈಯ ಗೊಂಚಲಿಗಿಂತ ತಕ್ಕ ಜಾಗ ನನಗೆ ಹೊಳೆದಿಲ್ಲ.

ಬೇಕಾಗುವುದು ಇಷ್ಟು: ಸುಮಾರು 40 ಮಿಲಿಮೀಟರ್ ಅಗಲದ ಹಿತ್ತಾಳೆಯ ಬಿಲ್ಲೆ, ಒಂದು ತೂತುಕಾಸು, ಚನ್ನಪಟ್ಟಣದ ಬಣ್ಣದ ಮಣಿ, ದೊಡ್ಡದೊಂದು ಕೀ ರಿಂಗ್, ಮೂರು ಸಣ್ಣ ಬಳೆಗಳು (ಬಾಯಿ ತೆರೆದು ಮುಚ್ಚಬಹುದಾದ ಲೋಹದ ತಂತಿಯ ಪುಟ್ಟ ಉಂಗುರಗಳು), ಸ್ವಲ್ಪ ಗಟ್ಟಿ ಹತ್ತಿದಾರ, ಎರಡು ಇಕ್ಕಳ.

ಮೊದಲ ಕೆಲಸ ಬರಹದ್ದು. ಊರಿನ ಹೆಸರನ್ನು ಮನೆಯ ಹಿರಿಯರೊಬ್ಬರಿಂದ ಕಾಗದದ ಮೇಲೆ ದಪ್ಪ ಅಕ್ಷರಗಳಲ್ಲಿ ಬರೆಯಿಸಿಕೊಳ್ಳಿ. ಪಾಸ್‌ಪೋರ್ಟಿನಲ್ಲಿರುವ ಇಂಗ್ಲಿಷ್ ಕಾಗುಣಿತವನ್ನು ನೋಡಿಕೊಂಡು ಕನ್ನಡಕ್ಕೆ ತಂದರೆ ತೀರ್ಥಹಳ್ಳಿಯು ‘ಥಿರ್ತಹಲ್ಲಿ’ ಆಗಿಬಿಡುತ್ತದೆ. ನಾನು ಮೊದಲು ಮಾಡಿಸಿದ ಬಿಲ್ಲೆಯಲ್ಲಿ ಹೀಗೆಯೇ ಆಗಿ, ಅದನ್ನು ಪಕ್ಕಕ್ಕಿಟ್ಟು ಇನ್ನೊಂದನ್ನು ಕೊರೆಯಿಸಬೇಕಾಯಿತು.

ಕೊರೆಯಿಸಲು ಪಾತ್ರೆ ಅಂಗಡಿಯೇ ಸರಿ. ಮದುವೆಯಲ್ಲಿ ಮುಯ್ಯಿ ಕೊಡುವ ಸ್ಟೀಲ್ ಪಾತ್ರೆಗಳ ಮೇಲೆ ಕೊಟ್ಟವರ ಹೆಸರನ್ನು ಚುಕ್ಕಿಚುಕ್ಕಿಯಾಗಿ ಮೂಡಿಸುವ ಆ ಸಣ್ಣ ಯಂತ್ರ ಹಿತ್ತಾಳೆಯ ಮೇಲೂ ಚೆನ್ನಾಗಿ ಬರೆಯುತ್ತದೆ. ಮೂಡಿದ ಅಕ್ಷರಗಳು ಅಜ್ಜಿಯ ಮನೆಯ ಲೋಟದ ಮೇಲಿನ ಅಕ್ಷರಗಳಂತೆಯೇ ಕಾಣುತ್ತವೆ ಎಂಬುದು ನನಗೆ ದೊಡ್ಡ ಸಂತೋಷ. ಬಳೆಗೆ ಬೇಕಾದ ತೂತನ್ನು ಮೊದಲೇ ಹಾಕಿಸಿ, ಆಮೇಲೆ ಹೆಸರನ್ನು ಬರೆಯಿಸಿ. ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಉಳಿದಿದೆಯೇ ಎಂದು ಪೆನ್ಸಿಲಿನಲ್ಲಿ ಗುರುತು ಹಾಕಿಸಿ ನೋಡಿಕೊಳ್ಳಿ. ಹಿಂಬದಿಯಲ್ಲಿ, ಮನೆಯಿಂದ ಮೊದಲು ಹೊರಟವರು ಹೋಗಿ ಇಳಿದ ಊರು ಮತ್ತು ವರ್ಷ ಸಾಕು.

ತೂತುಕಾಸು 1943ರಿಂದ 1947ರವರೆಗೆ ಟಂಕಿಸಿದ, ನಡುವೆ ದುಂಡನೆಯ ರಂಧ್ರವಿರುವ ಕಂಚಿನ ಕಾಸು. ಆಗ ರೂಪಾಯಿಗೆ ಇಂಥವು 64. ಹೊರಟುಹೋದವರ ತಂದೆತಾಯಿಯರು ಸಂತೆಯಲ್ಲಿ ಎಣಿಸಿ ಕೊಟ್ಟ ಹಣ ಇದಾಗಿರುವುದರಿಂದ, ಮನೆಯ ಹಳೆಯ ಡಬ್ಬಿಯಲ್ಲಿ ಸಿಕ್ಕರೆ ಅದಕ್ಕಿಂತ ಬೇರೆ ಬೇಡ. ನಾಣ್ಯ ಮಾರುವವರ ಬಳಿಯೂ ಸಿಗುತ್ತದೆ. ಇದಕ್ಕೆ ಬದಲಾಗಿ ಈಗ ಚಲಾವಣೆಯಲ್ಲಿರುವ ನಾಣ್ಯಕ್ಕೆ ತೂತು ಹಾಕಬಾರದು, 2011ರ ನಾಣ್ಯ ಕಾಯ್ದೆಯು ನಾಣ್ಯವನ್ನು ಹಾಳುಮಾಡುವುದನ್ನು ನಿಷೇಧಿಸುತ್ತದೆ. ನೂರು ವರ್ಷ ದಾಟಿದ ನಾಣ್ಯವನ್ನು ವಿದೇಶಕ್ಕೆ ಕಳುಹಿಸುವುದೂ ಬೇಡ, ಅದು 1972ರ ಕಾಯ್ದೆಯ ಪ್ರಕಾರ ಪುರಾತನ ವಸ್ತುವಾಗುತ್ತದೆ. ಹಿತ್ತಾಳೆಯ ಬಿಲ್ಲೆಯನ್ನು ಹುಣಸೆಹಣ್ಣಿನಿಂದ ಉಜ್ಜಿ ತೊಳೆದು ಒರೆಸಬಹುದು. ಕಾಸನ್ನು ಮಾತ್ರ ಉಜ್ಜದೆ, ಕೈಯಿಂದ ಕೈಗೆ ದಾಟಿ ಬಂದ ಅದರ ಕಪ್ಪು ಬಣ್ಣವನ್ನು ಹಾಗೆಯೇ ಉಳಿಸಿಕೊಳ್ಳಿ.

ಈಗ ಜೋಡಿಸುವುದು. ಸಣ್ಣ ಬಳೆಯ ಎರಡು ತುದಿಗಳನ್ನು ಎರಡು ಇಕ್ಕಳಗಳಲ್ಲಿ ಹಿಡಿದು, ಅಗಲಕ್ಕೆ ಎಳೆಯದೆ, ಒಂದನ್ನು ಮುಂದಕ್ಕೂ ಇನ್ನೊಂದನ್ನು ಹಿಂದಕ್ಕೂ ತಿರುಚಿ ತೆರೆಯಬೇಕು. ಎಳೆದರೆ ದುಂಡು ಕೆಟ್ಟು ಬಾಯಿ ಮತ್ತೆ ಕೂಡುವುದಿಲ್ಲ. ಕಾಸಿನ ಅಂಚು ಅಗಲವಾಗಿರುವುದರಿಂದ ಅದಕ್ಕೆ ಒಳಗಡೆ 10 ಮಿಲಿಮೀಟರ್ ಇರುವ ಬಳೆ ಬೇಕು. ಮಣಿಗೆ ಗಟ್ಟಿ ಹತ್ತಿದಾರವನ್ನು ಪೋಣಿಸಿ, ಎರಡು ಗಂಟು ಹಾಕಿ ಅದರ ಬಳೆಗೆ ಕಟ್ಟಿ, ಮೂರನ್ನೂ ದೊಡ್ಡ ರಿಂಗಿಗೆ ಸೇರಿಸಿ.

ಚನ್ನಪಟ್ಟಣದ ಮಣಿಯ ಬಣ್ಣ ಅರಗಿನದು. ಕಡೆಯುವ ಯಂತ್ರದಲ್ಲಿ ಮರ ತಿರುಗುತ್ತಿರುವಾಗ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದು, ಆ ಉಜ್ಜಾಟದ ಬಿಸಿಗೆ ಕರಗಿಸಿ ಅದನ್ನು ಹಚ್ಚಿರುತ್ತಾರೆ. ಬಿಸಿಗೆ ಹತ್ತಿದ್ದು ಬಿಸಿಗೇ ಮೆತ್ತಗಾಗುತ್ತದೆಯಾದ್ದರಿಂದ, ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಗಾಜಿನ ಹಿಂದೆ ಈ ಗೊಂಚಲನ್ನು ಬಿಡಬೇಡಿರೆಂದು ಒಂದು ಚೀಟಿ ಬರೆದು ಪೊಟ್ಟಣದಲ್ಲಿ ಇಡಿ.