ಬಾವಿ ಎಲ್ಲರದ್ದು, ಬಿಲ್ ಅವರವರದ್ದು: ನಮ್ಮ ಫ್ಲ್ಯಾಟಿನ ನೀರಿನ ಲೆಕ್ಕ

ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟಿನಲ್ಲಿ 16 ಮನೆ, 52 ಜನ. ಒಂದು ಬಾವಿ, ಒಂದು ಬೋರ್‌ವೆಲ್. ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದು ನಳ್ಳಿ ನೀರು ದಿನ ಬಿಟ್ಟು ದಿನ ಆಯಿತೆಂದರೆ ಎಲ್ಲರ ಕಣ್ಣೂ ಆ ಬಾವಿಯ ಮೇಲೆ. ನಾನು ಬ್ಯಾಂಕಿನಿಂದ ರಿಟೈರ್ ಆದವಳು. ಹಾಗಾಗಿ ಅಸೋಸಿಯೇಷನ್ನಿನ ಲೆಕ್ಕವನ್ನು ನನ್ನ ತಲೆಗೆ ಕಟ್ಟಿದ್ದಾರೆ.

ಕ್ರಮ ಸುಲಭ. ಎಳೆದಷ್ಟು ನೀರಿಗೆ ದುಡ್ಡು ಕಟ್ಟಬೇಕು. ಬಂದ ದುಡ್ಡನ್ನು ತಲೆ ಎಣಿಸಿ ಸಮವಾಗಿ ವಾಪಸ್ ಹಂಚಬೇಕು.

ಮೊದಲು ಮೀಟರ್. ಮನೆಗೊಂದು ಸಾಕು ಅಂತ ನಾನೂ ಅಂದುಕೊಂಡಿದ್ದೆ. ಟೆರೇಸಿನ ಟ್ಯಾಂಕಿನಿಂದ ಅಡುಗೆಮನೆಗೆ ಒಂದು ಪೈಪು, ಬಾತ್‌ರೂಮಿಗೆ ಇನ್ನೊಂದು ಇಳಿಯುತ್ತದೆ ಅಂತ ಪ್ಲಂಬರ್ ತೋರಿಸಿದ ಮೇಲೆ ಗೊತ್ತಾಯಿತು. ಎಷ್ಟು ಪೈಪು ಇಳಿಯುತ್ತದೋ ಅಷ್ಟು ಮೀಟರ್ ಬೇಕು. ಮೀಟರಿನ ಮುಂದೆ ಜಾಲರಿ ಹಾಕಿಸಿ, ಇಲ್ಲದಿದ್ದರೆ ಬೋರ್‌ವೆಲ್ಲಿನ ಕೆಂಪು ಮಣ್ಣು ಹೊಕ್ಕು ನಿಂತುಬಿಡುತ್ತದೆ. ಮೊದಲ ತಿಂಗಳು ಎರಡು ಮೀಟರ್ ನಿಂತಿದ್ದವು, ಎರಡೂ ನನ್ನ ಮನೆಯವೇ. ಲೆಕ್ಕ ಬರೆಯುವವಳಿಗೇ ಸೊನ್ನೆ ಬಿಲ್ ಬಂದರೆ ಯಾರು ನಂಬುತ್ತಾರೆ ಹೇಳಿ? ಈಗ 1ನೇ ತಾರೀಕಿಗೆ ಬೇರೆ ಮಹಡಿಯವರೊಬ್ಬರನ್ನು ಕರೆದುಕೊಂಡು ಹೋಗಿ, ಪ್ರತಿ ಮೀಟರಿನ ಫೋಟೋ ತೆಗೆಯುತ್ತೇನೆ. ಕಪ್ಪು ಅಂಕಿ ಮಾತ್ರ ಬರೆದುಕೊಳ್ಳಿ. ಅದು ಒಂದಕ್ಕೆ ಸಾವಿರ ಲೀಟರ್.

ಆಮೇಲೆ ರೇಟು. ನಮ್ಮದು ಸಾವಿರ ಲೀಟರಿಗೆ 30 ರೂಪಾಯಿ, ಮೊದಲ ಲೀಟರಿನಿಂದಲೇ. ಏಪ್ರಿಲ್‌ನಲ್ಲಿ ಒಟ್ಟು 2,60,000 ಲೀಟರ್ ಹೋಗಿತ್ತು. ಅಂದರೆ 7,800 ರೂಪಾಯಿ. 52 ಜನಕ್ಕೆ ಹಂಚಿದರೆ ತಲೆಗೆ 150. ನಮ್ಮ ಮನೆಯಲ್ಲಿ ಇಬ್ಬರು, 6,000 ಲೀಟರ್. ಕಟ್ಟಿದ್ದು 180, ಬಂದದ್ದು 300. ಮೂರನೇ ಮಹಡಿಯ ನಾಲ್ವರ ಮನೆಗೆ 28,000 ಲೀಟರ್. ಅವರಿಗೆ ಪಾಲು ಕಳೆದು 240 ಕೈಯಿಂದ ಹೋಯಿತು. "ಅಕ್ಕ, ಬಂಗುಡೆ ತೊಳೆಯಲು ನೀರು ಬೇಡ್ವಾ?" ಅಂತ ಮೀಟಿಂಗಿನಲ್ಲೇ ಜಗಳ. ಬಂಗುಡೆ ಎಲ್ಲರ ಮನೆಯಲ್ಲೂ ಉಂಟು, ಪೈಪು ಹಿಡಿದು ಕಾರು ತೊಳೆಯುವುದು ಅವರು ಮಾತ್ರ.

ದೊಡ್ಡ ಗಲಾಟೆ ಪಾಲು ಯಾರಿಗೆ ಅನ್ನುವುದರ ಮೇಲೆ. ದುಬೈಯಲ್ಲಿರುವ ಓನರ್ ಒಬ್ಬರು ಫ್ಲ್ಯಾಟ್ ನನ್ನದು, ದುಡ್ಡೂ ನನಗೆ ಅಂದರು. ನಾನು ಅಮೆರಿಕದ ಅಲಾಸ್ಕಾ ರಾಜ್ಯದ ಕತೆ ಹೇಳಿದೆ. ಅಲ್ಲಿ ಕಚ್ಚಾ ಎಣ್ಣೆಯ ದುಡ್ಡಿಗೆ ಅಂತ 1976ರಲ್ಲಿ ನಿಧಿ ಮಾಡಿದರು. 1982ರಲ್ಲಿ ಮೊದಲ ಸಲ ತಲೆಗೆ 1,000 ಡಾಲರ್ ಹಂಚಿದರು. ಅಲ್ಲೇ ವಾಸ ಇರುವವರಿಗೆ ಮಾತ್ರ, ಮಕ್ಕಳಿಗೂ ಪೂರ್ತಿ ಪಾಲು. ನಮ್ಮಲ್ಲೂ ಅದೇ. ಬಾಡಿಗೆಗೆ ಇರುವವರಿಗೆ ಪಾಲು ಸಿಗುತ್ತದೆ, ಬೀಗ ಹಾಕಿದ ಮನೆಗೆ ಇಲ್ಲ.

ಈ ದುಡ್ಡನ್ನು ಮೇಂಟೆನೆನ್ಸ್ ಖಾತೆಗೆ ಮಾತ್ರ ಸೇರಿಸಬೇಡಿ. ಪಂಪಿನ ಕರೆಂಟು, ಟ್ಯಾಂಕರ್ ಎಲ್ಲ ಮೇಂಟೆನೆನ್ಸ್‌ನಿಂದಲೇ ಹೋಗಲಿ. ಕಲ್ಲಿದ್ದಲಿನ ಸೆಸ್ ನೋಡಿ, ಅಂದರೆ ಒಂದು ಕೆಲಸಕ್ಕೆಂದೇ ಹಾಕುವ ತೆರಿಗೆ. 2010ರಲ್ಲಿ ಟನ್ನಿಗೆ 50 ರೂಪಾಯಿ, ಶುದ್ಧ ಇಂಧನಕ್ಕೆ ಅಂತ ಶುರುವಾಯಿತು. 2016ಕ್ಕೆ 400 ಆಯಿತು. ಮರುವರ್ಷ ಜಿಎಸ್‌ಟಿ ಬಂತು, ಅದೇ 400 ರೂಪಾಯಿ ರಾಜ್ಯಗಳ ತೆರಿಗೆ ನಷ್ಟ ತುಂಬಲು ಹೋಯಿತು. ಲಿಫ್ಟ್ ಕೆಟ್ಟ ದಿನ ನಮ್ಮ ಕಮಿಟಿಯವರಿಗೂ ಇಂಥದ್ದೇ ಯೋಚನೆ ಬರುತ್ತದೆ. ನಾನು ಪಾಸ್‌ಬುಕ್ ಬೇರೆಯೇ ಇಟ್ಟಿದ್ದೇನೆ.

ಕಸಕ್ಕೂ ಹೀಗೇ ಮಾಡಬಹುದು. ಹಸಿ, ಒಣ ಬೆರೆಸಿ ಕೊಟ್ಟ ಚೀಲಕ್ಕೆ 20 ರೂಪಾಯಿ, ಆ ದುಡ್ಡೂ ತಲೆ ಎಣಿಸಿ ಹಂಚುವ ಅದೇ ಖಾತೆಗೆ. ಆದರೆ ಕಸಕ್ಕೆ ಮೀಟರ್ ಇಲ್ಲವಲ್ಲ. ಎರಡನೇ ವಾರವೇ ಯಾರೋ ಬೆರಕೆ ಚೀಲವನ್ನು ಪಕ್ಕದ ಮನೆ ಬಾಗಿಲಲ್ಲಿ ಇಟ್ಟು ಹೋಗಿದ್ದರು. ಈಗ ಚೀಲದ ಮೇಲೆ ಮನೆ ನಂಬರ್ ಬರೆಯದಿದ್ದರೆ ತೆಗೆದುಕೊಳ್ಳುವುದಿಲ್ಲ ಅಂತ ಮಾಡಿದ್ದೇವೆ. ಮಾರ್ಕರ್ ಪೆನ್ನು ಅಸೋಸಿಯೇಷನ್ನಿನದ್ದೇ.